ಸೀತಾ ಮೇಡಂ ದೊಡ್ಡವರೋ, ಸುಕೃತಿ ದೊಡ್ಡವಳೋ

ಜಿಗಣಿಯ ಗ್ರಾನೈಟ್ ಕಾರ್ಖಾನೆಗಳನ್ನು ದಾಟಿ ಇನ್ನೂ ನಾಲ್ಕು ಮೈಲಿ ಹೋದರೆ ಕೆರೆಯ ಪಕ್ಕದಲ್ಲಿ ಒಂದು ಗಾಲ್ಫ್ ಕ್ಲಬ್ ಇದೆ. ಅಲ್ಲಿ ಅಮರಪ್ಪ ನಲವತ್ತು ವರ್ಷ ಕ್ಯಾಡಿಯಾಗಿದ್ದ. ಆಟಗಾರರ ಚೀಲ ಹೊತ್ತು ಅವರ ಹಿಂದೆ ನಡೆಯುವುದು, ಕೇಳಿದ ಕೋಲು ತೆಗೆದುಕೊಡುವುದು, ಪೊದೆಯಲ್ಲಿ ಬಿದ್ದ ಚೆಂಡು ಹುಡುಕುವುದು ಅವನ ಕೆಲಸ. ಹೊರಗಿನವರ ಕಣ್ಣಿಗೆ ಇಷ್ಟೇ. ಆದರೆ ಒಳ್ಳೆಯ ಕ್ಯಾಡಿಗೆ ನೆಲದ ಇಳಿಜಾರು ಗೊತ್ತಿರಬೇಕು, ಗಾಳಿಯ ದಿಕ್ಕು ಗೊತ್ತಿರಬೇಕು, ಎಷ್ಟು ದೂರಕ್ಕೆ ಯಾವ ಕೋಲು ಎನ್ನುವುದು ಆಟಗಾರನಿಗಿಂತ ಮೊದಲು ಹೊಳೆಯಬೇಕು. ಅಮರಪ್ಪನಿಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. ಆ ನೆಲ ಅವನದೇ ಊರಿನ ನೆಲ. ಕ್ಲಬ್ಬು ಬರುವ ಮುಂಚೆ ಅಲ್ಲಿ ರಾಗಿ ಬೆಳೆಯುತ್ತಿದ್ದರು. ಈಗ ಚೆಂಡು ಬೀಳಿಸುವ ಹದಿನೆಂಟು ಗುಂಡಿಗಳಲ್ಲಿ, ಅಂದರೆ ಹೋಲುಗಳಲ್ಲಿ, ಹದಿನೇಳನೆಯದರ ಬಾವುಟ ನೆಟ್ಟಿರುವ ಜಾಗದಲ್ಲಿ ಅವನ ಅಪ್ಪನ ಕಣವಿತ್ತು. ಸಂಕ್ರಾಂತಿಯ ಹೊತ್ತಿಗೆ ಅಪ್ಪ ಮೊರ ಹಿಡಿದು ಗಾಳಿಗೆ ಕಾದು ನಿಲ್ಲುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಸಂಜೆ ನಾಲ್ಕಾದ ಮೇಲೆ ಕೆರೆಯ ಕಡೆಯಿಂದ ಗಾಳಿ ಬೀಳುತ್ತಿತ್ತು. ಏರಿಯ ಮೇಲಿನ ಹೊಂಗೆ ಮರದ ಎಲೆ ಬೆನ್ನು ತೋರಿಸಿದರೆ ಗಾಳಿ ಬಂತೆಂದೇ ಲೆಕ್ಕ. ಅಪ್ಪ ಕೂಡಲೇ ಮೊರ ಎತ್ತುತ್ತಿದ್ದ.

ಕ್ಲಬ್ಬಿಗೆ ನಲವತ್ತು ವರ್ಷ ತುಂಬಿದಾಗ ಹೆಂಗಸರ ಪಂದ್ಯಕ್ಕೆ ಹೊಸದೊಂದು ಕಪ್ ಇಡಬೇಕೆಂದು ಸಮಿತಿಯವರು ತೀರ್ಮಾನಿಸಿದರು. ಯಾರ ಹೆಸರಿನಲ್ಲಿ ಎಂಬಲ್ಲಿ ಎರಡು ಗುಂಪಾಯಿತು. ಅಲ್ಲಿ ಆಡಿ ಬೆಳೆದು ದೇಶಕ್ಕೆಲ್ಲ ಹೆಸರಾದ ಹೆಂಗಸರು ಇಬ್ಬರೇ. ಒಬ್ಬರು ಸೀತಾ ದ್ವಾರಕಾನಾಥ. ಸರ್ಕಾರಿ ಕಾರ್ಖಾನೆಯೊಂದರ ಅಧಿಕಾರಿಯ ಹೆಂಡತಿ. ಮೂವತ್ತು ದಾಟಿದ ಮೇಲೆ ಕೋಲು ಹಿಡಿದು, ದೇಶದ ಹೆಂಗಸರ ದೊಡ್ಡ ಪಂದ್ಯವನ್ನು ಮೂರು ಸಲ ಗೆದ್ದವರು. ಇನ್ನೊಬ್ಬಳು ಸುಕೃತಿ. ಹನ್ನೊಂದನೇ ವಯಸ್ಸಿಗೆ ಬಂದು ಇಪ್ಪತ್ತಕ್ಕೆಲ್ಲ ವೃತ್ತಿ ಆಟಗಾರ್ತಿಯಾಗಿ, ಪರದೇಶಗಳಲ್ಲಿ ಐದು ಪಂದ್ಯ ಗೆದ್ದವಳು. ಒಬ್ಬರನ್ನೊಬ್ಬರು ಎದುರಿಸಿ ಆಡಿದವರಲ್ಲ. ಒಬ್ಬರು ಬಿಟ್ಟು ಏಳು ವರ್ಷವಾದ ಮೇಲೆ ಇನ್ನೊಬ್ಬಳು ಬಂದದ್ದು. ಇಬ್ಬರ ಆಟವನ್ನೂ ಮೊದಲಿಂದ ಹತ್ತಿರದಲ್ಲಿ ಕಂಡವನು ಅಮರಪ್ಪ ಒಬ್ಬನೇ. ಇಬ್ಬರ ಚೀಲವನ್ನೂ ಹೊತ್ತವನು ಅವನು.

ಕ್ಲಬ್ಬಿನ ಆಫೀಸಿನಲ್ಲಿದ್ದ ಪ್ರಿಯಾಂಕಾ ಎಂಬ ಹುಡುಗಿ ನಲವತ್ತನೇ ವರ್ಷದ ವಿಡಿಯೋಗಳನ್ನು ಮಾಡುತ್ತಿದ್ದಳು. ಒಂದು ಬೆಳಗ್ಗೆ ಕ್ಯಾಡಿಗಳ ಶೆಡ್ಡಿನ ಮುಂದೆ ಅಮರಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಅಂಗಿಗೆ ಮೈಕ್ ಸಿಕ್ಕಿಸಿದಳು. ಅವನು ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು. ಅವತ್ತಿಗೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಉಳಿದ ಕ್ಯಾಡಿಗಳೆಲ್ಲ ಸುತ್ತ ನಿಂತಿದ್ದರು.

"ಅಂಕಲ್, ನೇರವಾಗಿ ಕೇಳ್ತೀನಿ. ಇಬ್ಬರಲ್ಲಿ ಯಾರು ದೊಡ್ಡ ಪ್ಲೇಯರ್?"

ಅಮರಪ್ಪ ನಕ್ಕ. "ಅದೆಂಗಮ್ಮ ಏಳೋದು? ಇಬ್ರೂ ದೊಡ್ಡೋರೇ."

"ಹಾಗೆ ತಪ್ಪಿಸಿಕೊಳ್ಳೋ ಹಾಗಿಲ್ಲ. ಒಂದೇ ಹೆಸರು ಹೇಳಬೇಕು."

ನಿಂತವರೆಲ್ಲ "ಏಳಣ್ಣೋ, ಏಳು" ಎಂದರು. ಅಮರಪ್ಪ, ಸುಕೃತಿ ಎಂದ. ಯಾಕೆ ಎಂದು ಅವಳು ಕೇಳಿದಳು.

"ಸೀತಾ ಮೇಡಂ ಕೈ ಬಾಳಾ ಚೆಂದ. ಅಂಥಾ ಕೈ ಇನ್ನೊಬ್ರಿಗೆ ಇಲ್ಲ. ಆದ್ರೆ ನೀರು ಕಂಡ್ರೆ ಅವ್ರಿಗೆ ಎದೆ ನಡುಗ್ತಿತ್ತು. ಕೊನೇಗೆ ಅದೇ ಕೈ ಕೊಡ್ತು. ನಮ್ ಸುಕೃತಿಗೆ ಅಂಗಿಲ್ಲ. ನೀರಿರ್ಲಿ, ಬೆಂಕಿ ಇರ್ಲಿ, ದಾಟಿಸ್ತಾಳೆ."

ಕ್ಯಾಡಿಗಳು ಚಪ್ಪಾಳೆ ತಟ್ಟಿದರು. ವಿಡಿಯೋ ಅವತ್ತೇ ಕ್ಲಬ್ಬಿನ ಫೋನ್ ಗುಂಪುಗಳಲ್ಲೆಲ್ಲ ಹರಿದಾಡಿತು. ಸಮಿತಿಯಲ್ಲಿ ಸುಕೃತಿಯ ಕಡೆಯಿದ್ದವರಿಗೆ ಇಷ್ಟೇ ಬೇಕಾಗಿತ್ತು. ಚೀಲ ಹೊತ್ತವನೇ ಹೇಳಿದ ಮೇಲೆ ಇನ್ನೇನಿದೆ ಎಂದರು.

ಅವನ ಹೆಂಡತಿ ಪಿಳ್ಳಮ್ಮ ಮಗಳು ಶಾಂತಿಯ ಫೋನಿನಲ್ಲಿ ಅದನ್ನು ಎರಡು ಸಲ ನೋಡಿದಳು. ಅವರೆಕಾಯಿ ಸುಲಿಯುತ್ತ ಕೂತವಳು ತಲೆ ಎತ್ತದೆ ಕೇಳಿದಳು.

"ಆಯಮ್ಮ ನಮ್ ಶಾಂತೀನ ಪ್ಯಾಕ್ಟ್ರಿ ಇಸ್ಕೂಲಿಗೆ ಸೇರಿಸ್ದೋರು. ಮರ್ತೋಯ್ತಾ ನಿಂಗೆ?"

"ಇಸ್ಕೂಲಿಗೂ ಆಟಕ್ಕೂ ಏನ್ ಸಂಬಂಧ?"

"ನೀರು ಕಂಡ್ರೆ ನಡುಗ್ತಿದ್ರಾ ಅವ್ರು? ನಾನು ಒಂದಿನಾನೂ ನಿನ್ ಬಾಯಲ್ಲಿ ಆ ಮಾತು ಕೇಳಿಲ್ಲ."

ಅಮರಪ್ಪ ಎದ್ದು ಹೋದ. ಪಿಳ್ಳಮ್ಮ ಹೇಳಿದ್ದು ನಿಜ. ಆ ಮಾತು ಅವನದಲ್ಲ. ಇಪ್ಪತ್ತೇಳು ವರ್ಷ ಕ್ಲಬ್ಬಿನ ಜನ ಆಡಿ ಆಡಿ ಸವೆದಿದ್ದ ಮಾತು. ಕ್ಯಾಮೆರಾದ ಮುಂದೆ ಬಾಯಿಗೆ ತಾನಾಗಿ ಬಂದುಬಿಟ್ಟಿತ್ತು. ಅದು ಸುಳ್ಳೆಂದು ಗೊತ್ತಿದ್ದವನು ಇಡೀ ಕ್ಲಬ್ಬಿನಲ್ಲಿ ಅವನೊಬ್ಬನೇ.

ನಡೆದದ್ದು ಹೀಗೆ. ತೊಂಬತ್ತೇಳನೇ ಇಸವಿಯ ಜನವರಿಯಲ್ಲಿ ದೇಶದ ಹೆಂಗಸರ ಪಂದ್ಯ ಇದೇ ಕ್ಲಬ್ಬಿನಲ್ಲಿತ್ತು. ಸೀತಾರಿಗೆ ಆಗ ನಲವತ್ತಮೂರು. ನಾಲ್ಕನೇ ಸಲ ಗೆದ್ದು ಆಟ ಬಿಡುತ್ತೇನೆ ಎಂದು ಮನೆಯಲ್ಲಿ ಹೇಳಿದ್ದರು. ಅಮರಪ್ಪ ಹದಿಮೂರು ವರ್ಷದಿಂದ ಅವರ ಚೀಲ ಹೊರುತ್ತಿದ್ದ. ಅವರು ಹೆಚ್ಚು ಮಾತಿನವರಲ್ಲ. ಯಾವ ಕೋಲು ಎಂದು ಕೇಳುವವರೂ ಅಲ್ಲ. ತಾವೇ ನೋಡಿ, ತಾವೇ ಲೆಕ್ಕ ಹಾಕಿ, ಕೈ ಚಾಚುತ್ತಿದ್ದರು. ಅವನು ಅದೇ ಕೋಲನ್ನು ಆಗಲೇ ಅರ್ಧ ಎಳೆದಿರುತ್ತಿದ್ದ. ಇಬ್ಬರಿಗೂ ಇದು ಸಾಕಾಗಿತ್ತು.

ಕೊನೆಯ ದಿನದ ಹಿಂದಿನ ದಿನ ಸೀತಾರ ಆಟ ನೋಡಲು ಮದ್ರಾಸು, ಕಲ್ಕತ್ತೆಯಿಂದ ಬಂದ ಕೆಲವರು ಜೊತೆಯಲ್ಲಿ ನಡೆಯುತ್ತಿದ್ದರು. ಒಂಬತ್ತನೇ ಹೋಲಿನಲ್ಲಿ ಅಮರಪ್ಪನಿಗೆ ಏನನ್ನಿಸಿತೋ, ಕೇಳದೆಯೇ ಬಾಯಿ ಬಿಟ್ಟ.

"ಮೇಡಂ, ಒಂಚೂರು ಎಡಕ್ಕೆ ಇಕ್ಕಿ. ಅಲ್ಲಿ ನೆಲ ಜಾರ್ತದೆ."

ಸೀತಾ ಹೊಡೆಯಲು ಬಗ್ಗಿದವರು ನೆಟ್ಟಗಾದರು. ಗಮನ ಕೆಟ್ಟಿತ್ತು. ಎಲ್ಲರಿಗೂ ಕೇಳುವ ಹಾಗೆ, "ಅಮರಪ್ಪ, ಬ್ಯಾಗ್ ಹೊರೋದು ನಿನ್ನ ಕೆಲಸ. ಆಡೋದು ನನ್ನ ಕೆಲಸ" ಎಂದರು. ಬಂದವರಲ್ಲಿ ಯಾರೋ ನಕ್ಕರು. ಸೀತಾ ಹೊಡೆದರು, ಚೆಂಡು ಸರಿಯಾಗಿಯೇ ಹೋಯಿತು, ಅವರು ಮುಂದಕ್ಕೆ ನಡೆದರು. ಅವರ ಪಾಲಿಗೆ ಅಲ್ಲಿಗೆ ಅದು ಮುಗಿಯಿತು. ಅಮರಪ್ಪನಿಗೆ ಮುಗಿಯಲಿಲ್ಲ. ಅವನಿಗೆ ಆಗ ಮೂವತ್ತೈದು. ಇಬ್ಬರು ಮಕ್ಕಳ ತಂದೆ. ಅವನು ನಿಂತಿದ್ದ ನೆಲ ಅವನ ಚಿಕ್ಕಪ್ಪನ ಹೊಲವಾಗಿತ್ತು. ಅದು ಎಲ್ಲಿ ಜಾರುತ್ತದೆ ಎಂದು ಹೇಳುವ ಹಕ್ಕೂ ತನಗಿಲ್ಲವೇ ಎಂದು ಆ ದಿನವೆಲ್ಲ ಒಳಗೊಳಗೇ ಕುದಿದ.

ಮರುದಿನ ಹದಿನೇಳನೇ ಹೋಲಿಗೆ ಬಂದಾಗ ಸೀತಾ ಒಂದು ಹೊಡೆತ ಮುಂದಿದ್ದರು. ಅಲ್ಲಿ ಕೆರೆಯ ಹಿನ್ನೀರಿನ ಮೇಲಿಂದ ಚೆಂಡನ್ನು ದಾಟಿಸಬೇಕು. ಆಚೆ ದಡದಲ್ಲಿ ಬಾವುಟ. ಗಂಟೆ ನಾಲ್ಕಾಗಿತ್ತು. ಬಾವುಟ ಅಲುಗುತ್ತಿರಲಿಲ್ಲ. ನೋಡುವವರಿಗೆ ಗಾಳಿಯೇ ಇಲ್ಲ. ಗಾಳಿ ಇಲ್ಲದಿದ್ದರೆ ಆರನೇ ನಂಬರಿನ ಕೋಲು ಸಾಕು. ಎದುರು ಗಾಳಿಯಿದ್ದರೆ ಇನ್ನೂ ದೂರ ಹೋಗುವ ಐದನೇ ನಂಬರು ಬೇಕು. ಸೀತಾ ಚೀಲದ ಕಡೆ ಕೈ ಚಾಚಿದವರು ತಡೆದರು. ಹದಿಮೂರು ವರ್ಷದಲ್ಲಿ ಮೊದಲ ಸಲ ಅವನ ಮುಖ ನೋಡಿ ಕೇಳಿದರು.

"ಆರು ಸಾಕಾ, ಐದು ಬೇಕಾ ಅಮರಪ್ಪ?"

ಏರಿಯ ಮೇಲಿನ ಹೊಂಗೆ ಎಲೆಗಳು ಬೆನ್ನು ತೋರಿಸಿದ್ದನ್ನು ಅಮರಪ್ಪ ಆಗಷ್ಟೇ ನೋಡಿದ್ದ. ಎದುರು ಗಾಳಿ ಬರುವುದಿತ್ತು. ಐದು ಎಂದರೆ ಆಗುತ್ತಿತ್ತು. ಒಂದೇ ಮಾತು.

"ನಿಮ್ಮಿಷ್ಟ ಮೇಡಂ. ಆಡೋದು ನಿಮ್ ಕೆಲ್ಸ."

ಸೀತಾ ಒಂದು ಗಳಿಗೆ ಅವನನ್ನೇ ನೋಡಿದರು. ಆಮೇಲೆ ಆರು ತೆಗೆದುಕೊಂಡರು. ಹೊಡೆತ ಚೊಕ್ಕವಾಗಿತ್ತು. ಚೆಂಡು ನೇರ ಬಾವುಟದ ಕಡೆಗೇ ಎದ್ದಿತು. ನೀರಿನ ನಡುಮಧ್ಯ ಬಂದಾಗ ಗಾಳಿ ಬಿತ್ತು. ಮೇಲೆ ಯಾರೋ ಕೈ ಅಡ್ಡ ಇಟ್ಟ ಹಾಗೆ ಚೆಂಡು ನಿಂತು, ದಡಕ್ಕೆ ಎರಡು ಮಾರು ಈಚೆಗೆ ನೀರಿಗೆ ಬಿತ್ತು. ಸೀತಾ ಒಂದೇ ಹೊಡೆತದಿಂದ ಸೋತರು.

ಮರುದಿನದ ಪತ್ರಿಕೆಗಳು ನೀರು ಕಂಡು ಸೀತಾರ ಧೈರ್ಯ ಕುಸಿಯಿತು ಎಂದು ಬರೆದವು. ಸೀತಾ ಯಾರಿಗೂ ಏನೂ ಹೇಳಲಿಲ್ಲ. ಅಮರಪ್ಪನಿಗೆ ಮಾತ್ರ, "ಗಾಳಿ ನೋಡಲಿಲ್ಲ ಕಣಪ್ಪ, ನನ್ನದೇ ತಪ್ಪು" ಎಂದರು. ಅವನು ತಲೆ ತಗ್ಗಿಸಿ ಕೋಲುಗಳನ್ನು ಒರೆಸುತ್ತಿದ್ದ. ಮುಂದಿನ ವರ್ಷದೊಳಗೆ ಅವರು ಆಟ ಬಿಟ್ಟರು.

ಏಳು ವರ್ಷದ ಮೇಲೆ ಸುಕೃತಿ ಬಂದಳು. ಅವಳ ಅಪ್ಪ ವಿಷ್ಣು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿದ್ದವರು. ಮಗಳನ್ನು ಅಮರಪ್ಪನ ಮುಂದೆ ನಿಲ್ಲಿಸಿ, "ಇವಳಿಗೆ ಬಾಯಿ ಜಾಸ್ತಿ, ಸಹಿಸಿಕೊಳ್ಳಿ" ಎಂದರು. ಬಾಯಿ ಜಾಸ್ತಿಯೇ. ಪ್ರತಿ ಹೊಡೆತಕ್ಕೂ "ಯಾವುದು ಅಮರಣ್ಣ? ಯಾಕೆ ಅದು? ಇದು ಯಾಕೆ ಬೇಡ?" ಎಂದು ಪ್ರಾಣ ತಿನ್ನುತ್ತಿದ್ದಳು. ಅಮರಪ್ಪ ಬೇಸರಿಸದೆ ಹೇಳಿದ. ಕೇಳದಿದ್ದಾಗಲೂ ಹೇಳಿದ. ಅವಳು ಸಿಟ್ಟಾಗಿ ಬೈದಾಗಲೂ ಹೇಳಿದ. ಹೊಂಗೆ ಎಲೆ ನೋಡುವುದು, ನೀರಿನ ಮೇಲಿನ ಸುಕ್ಕು ನೋಡುವುದು, ಹದ್ದು ಯಾವ ಕಡೆಗೆ ಓರೆಯಾಗಿ ತೇಲುತ್ತದೆ ಎಂದು ನೋಡುವುದು, ಎಲ್ಲವನ್ನೂ ಕಲಿಸಿದ. ಹದಿನೇಳನೇ ಹೋಲಿನಲ್ಲಿ ಸುಕೃತಿಯ ಚೆಂಡು ನೀರಿಗೆ ಬಿದ್ದದ್ದು ಕಡಿಮೆ. ಜನ ಅವಳಿಗೆ ಗುಂಡಿಗೆ ಗಟ್ಟಿ ಎಂದರು. ಗಟ್ಟಿಯೇನೋ ಹೌದು. ಆದರೆ ಅವಳ ಪಕ್ಕದಲ್ಲಿ ಗಾಳಿ ಹೇಳುವವನೊಬ್ಬ ನಿಂತಿದ್ದ.

ವಿಡಿಯೋ ಬಂದ ನಾಲ್ಕನೇ ದಿನ ಪ್ರಿಯಾಂಕಾ ಫೋನ್ ಮಾಡಿದಳು. "ಅಂಕಲ್, ಸೀತಾ ಮೇಡಂ ಆಫೀಸಿಗೆ ಕಾಲ್ ಮಾಡಿದ್ರು. ನೋಡಿದ್ರಂತೆ."

ಅಮರಪ್ಪ ಫೋನನ್ನು ಕಿವಿಗೆ ಒತ್ತಿಕೊಂಡ. "ಏನಂದ್ರಮ್ಮ?"

"ವಿಡಿಯೋ ಚೆನ್ನಾಗಿ ಬಂದಿದೆ ಅಂದ್ರು. ಅಮರಪ್ಪನಿಗೆ ಎಷ್ಟು ವಯಸ್ಸಾಗಿಬಿಟ್ಟಿದೆ ಅಂದ್ರು. ಅಷ್ಟೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ. ಮರುದಿನ ಬೆಳಗ್ಗೆ ಪಿಳ್ಳಮ್ಮ ಕೊಟ್ಟ ಅವರೆಕಾಯಿ ಚೀಲ ಹಿಡಿದು ಹೊರಟ. ಸೀತಾ ಈಗ ಮಹದೇವಪುರದಲ್ಲಿ ಮಗಳ ಅಪಾರ್ಟ್‌ಮೆಂಟಿನಲ್ಲಿದ್ದರು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಜಿಗಣಿಯಿಂದ ಒಂದು ಬಸ್ಸು, ಸಿಲ್ಕ್ ಬೋರ್ಡಿನಿಂದ ಇನ್ನೊಂದು, ರಿಂಗ್ ರೋಡಿನಲ್ಲಿ ನಿಂತು ನಿಂತು ಹೋಗುವಷ್ಟರಲ್ಲಿ ಹನ್ನೊಂದು ಗಂಟೆಯಾಯಿತು. ಗೇಟಿನ ಸೆಕ್ಯೂರಿಟಿಯವನು ಫೋನಿನಲ್ಲಿ ಕೇಳಿ ಒಳಗೆ ಬಿಟ್ಟ. ಬಾಗಿಲು ತೆಗೆದವರು ಸೀತಾರೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಬನ್ನಿ ಅಮರಪ್ಪ. ಕೂತ್ಕೊಳ್ಳಿ."

ಆ 'ಬನ್ನಿ'ಯೇ ಅವನಿಗೆ ಮೊದಲು ಚುಚ್ಚಿದ್ದು. ಅವರು ಅವನನ್ನು ಯಾವತ್ತೂ ಬಹುವಚನದಲ್ಲಿ ಕರೆದವರಲ್ಲ. ಸೋಫಾದ ಅಂಚಿನಲ್ಲಿ ಕೂತ. ಸೀತಾ ಕಾಫಿ ತಂದರು. ಪಿಳ್ಳಮ್ಮ ಹೇಗಿದ್ದಾಳೆ, ಶಾಂತಿ ಎಲ್ಲಿದ್ದಾಳೆ ಎಂದು ಕೇಳಿದರು. ಶಾಂತಿ ಬೊಮ್ಮಸಂದ್ರದಲ್ಲಿ ಲ್ಯಾಬ್ ಕೆಲಸದಲ್ಲಿದ್ದಾಳೆ ಎಂದ. ಅವರು ಸಂತೋಷ ಎಂದರು. ಕಾಫಿ ಮುಗಿಯಿತು. ಇನ್ನು ಕೇಳುವುದೂ ಹೇಳುವುದೂ ಉಳಿಯಲಿಲ್ಲ.

"ಮೇಡಂ, ನಾನು ಅಂಗೆ ಏಳ್ಬಾರ್ದಾಗಿತ್ತು" ಎಂದ.

"ಯಾಕೆ? ನಿಮಗೆ ಅನಿಸಿದ್ದು ಹೇಳಿದ್ರಿ. ಸುಕೃತಿ ಒಳ್ಳೆ ಆಟಗಾರ್ತಿ. ನಾನೂ ಟಿವಿಯಲ್ಲಿ ನೋಡ್ತೀನಿ."

"ಅದಲ್ಲ ಮೇಡಂ. ನೀರಿನ್ ಮಾತು. ಅದು ನಿಜ ಅಲ್ಲ. ನಿಮ್ಗೆ ಎದ್ರಿಕೆ ಇರ್ಲಿಲ್ಲ. ಅವತ್ತು ಗಾಳಿ ಇತ್ತು. ನಂಗೆ ಗೊತ್ತಿತ್ತು."

ಸೀತಾ ಕಪ್ಪನ್ನು ಮೇಜಿನ ಮೇಲಿಟ್ಟರು.

"ಏನು ಗೊತ್ತಿತ್ತು?"

"ಹೊಂಗೆ ಎಲೆ ತಿರುಗಿದ್ದು ನೋಡ್ದೆ. ಐದನೇ ನಂಬರ್ ಬೇಕು ಅಂತ ಗೊತ್ತಿತ್ತು. ನೀವು ಕೇಳಿದ್ರಿ. ನಾನು ಏಳ್ಲಿಲ್ಲ."

"ಯಾಕೆ?"

ಅವನು ಒಂಬತ್ತನೇ ಹೋಲಿನ ಮಾತನ್ನು ನೆನಪಿಸಿದ. ಬ್ಯಾಗ್ ಹೊರೋದು ನಿನ್ನ ಕೆಲಸ ಎಂದದ್ದು, ಜನ ನಕ್ಕದ್ದು. ಹೇಳುತ್ತ ಹೇಳುತ್ತ ಅವನಿಗೇ ಅದು ತೀರ ಸಣ್ಣ ಮಾತಾಗಿ ಕೇಳಿಸಿತು. ಸೀತಾ ಹುಬ್ಬು ಗಂಟಿಕ್ಕಿ ಯೋಚಿಸಿದರು.

"ಹಾಗಂದಿದ್ನಾ ನಾನು? ನನಗೆ ನೆನಪೇ ಇಲ್ಲವಲ್ಲ."

ಅಮರಪ್ಪ ಖಾಲಿ ಕಪ್ಪನ್ನು ಕೆಳಗಿಟ್ಟ.

"ಆದರೆ ನೀನು 'ನಿಮ್ಮಿಷ್ಟ ಮೇಡಂ' ಅಂದಿದ್ದು ಚೆನ್ನಾಗಿ ನೆನಪಿದೆ" ಎಂದರು. ಹಳೆಯ ಏಕವಚನ ತಾನಾಗಿ ಬಂದಿತ್ತು. "ಪಾಪ, ಇವನಿಗೂ ಗೊತ್ತಿಲ್ಲ, ಸುಮ್ಮನೆ ಇವನನ್ನು ಕೇಳಿ ಕಷ್ಟಕ್ಕೆ ಸಿಕ್ಕಿಸಿದೆ ಅಂದುಕೊಂಡೆ. ಸೋತ ಮೇಲೆ ನಿನಗೆ ಬೇಜಾರಾಗಬಾರದು ಅಂತ ತಪ್ಪೆಲ್ಲ ನನ್ನದು ಅಂದೆ. ಆಮೇಲೆ ಎಷ್ಟು ವರ್ಷ ಯೋಚನೆ ಮಾಡಿದ್ದೀನಿ ಗೊತ್ತಾ? ನಿಜವಾಗಲೂ ಹೆದರಿಬಿಟ್ಟೆನಾ ಅಂತ. ಎಲ್ಲರೂ ಹಾಗೇ ಹೇಳ್ತಿದ್ರು. ಹೊಡೆತ ಸರಿಯಾಗೇ ಇತ್ತಲ್ಲ ಅನಿಸ್ತಿತ್ತು. ಆದರೂ ಚೆಂಡು ನೀರಿಗೆ ಬಿತ್ತಲ್ಲ. ಹಾಗಾದರೆ ಹೆದರಿರಬೇಕು ಅಂತ ನಾನೂ ನಂಬಿಕೊಂಡೆ. ಅದಕ್ಕೇ ಬಿಟ್ಟೆ."

"ಹೊಡೆತ ಸರಿಯಾಗೇ ಇತ್ತು ಮೇಡಂ. ಅದಕ್ಕಿಂತ ಒಳ್ಳೇ ಹೊಡೆತ ನಾನು ಕಂಡಿಲ್ಲ."

"ಇದನ್ನ ಅವತ್ತು ಹೇಳಬೇಕಿತ್ತು ಅಮರಪ್ಪ. ಗಾಳಿ ಬಿಡು, ಅದು ಸಿಟ್ಟಿನಲ್ಲಿ ಆಯ್ತು. ಸೋತ ಮೇಲಾದರೂ ಹೇಳಬಹುದಿತ್ತು. ಇಪ್ಪತ್ತೇಳು ವರ್ಷ ಇತ್ತಲ್ಲ."

ಅವರ ದನಿಯಲ್ಲಿ ಕೋಪವಿರಲಿಲ್ಲ. ಅಮರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ನಾಳೆ ಹೇಳೋಣ, ಶಾಂತಿಯ ಮದುವೆಗೆ ಬಂದಾಗ ಹೇಳೋಣ, ಅವರ ಯಜಮಾನರು ತೀರಿಕೊಂಡಾಗ ಹೋಗಿ ಹೇಳೋಣ ಎಂದು ದಾಟಿಸುತ್ತ ಬಂದದ್ದನ್ನು ಹೇಳಲು ನೋಡಿದ. ಅರ್ಧಕ್ಕೇ ನಿಲ್ಲಿಸಿದ.

ಸೀತಾ ಕೇಳಿದರು. "ಆ ಹುಡುಗಿಗೆ ಹೇಳ್ತಿದ್ಯಾ, ಗಾಳಿ?"

"ಏಳ್ತಿದ್ದೆ ಮೇಡಂ. ಒಂದ್ಸಲಾನೂ ಬಿಡ್ಲಿಲ್ಲ. ಬೈದ್ರೂ ಬಿಡ್ಲಿಲ್ಲ."

"ಒಳ್ಳೇದಾಯ್ತು" ಎಂದರು. ಕಿಟಕಿಯ ಕಡೆ ತಿರುಗಿದರು. ಆಮೇಲೆ, "ನನಗೆ ಸುಸ್ತಾಗಿದೆ ಅಮರಪ್ಪ. ಸ್ವಲ್ಪ ಮಲಗ್ತೀನಿ. ಬಿಸಿಲು ಇನ್ನೂ ಏರೋ ಮುಂಚೆ ಬಸ್ ಹಿಡಿ" ಎಂದರು. ಬಾಗಿಲವರೆಗೂ ಬಂದರು. ಕ್ಷಮಿಸಿದ್ದೇನೆ ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಮತ್ತೆ ಬಾ ಎನ್ನಲೂ ಇಲ್ಲ.

ಮರುದಿನ ಅಮರಪ್ಪ ಕ್ಲಬ್ಬಿಗೆ ಹೋಗಿ ಪ್ರಿಯಾಂಕಾಳ ಮೇಜಿನ ಮುಂದೆ ನಿಂತ. "ಆ ವಿಡಿಯೋ ತೆಗ್ದಾಕಮ್ಮ. ನಾನು ಬೇರೆ ಏಳ್ತೀನಿ, ಅದನ್ನ ಆಕು" ಎಂದ. ಅವಳು ಒಳ್ಳೆಯ ಹುಡುಗಿ. ಮೈಕ್ ತಂದಳು. ಈ ಸಲ ಅವನು ಶೆಡ್ಡಿನ ಮುಂದೆ ಕೂರಲಿಲ್ಲ. ಹದಿನೇಳನೇ ಹೋಲಿನವರೆಗೆ ಅವಳನ್ನು ನಡೆಸಿಕೊಂಡು ಹೋಗಿ, ನೀರಿನ ದಡದಲ್ಲಿ ನಿಂತು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ತನ್ನ ಸಿಟ್ಟನ್ನೂ ಹೇಳಿದ. ಕೇಳುತ್ತ ಕೇಳುತ್ತ ಪ್ರಿಯಾಂಕಾ ಫೋನನ್ನು ಸ್ವಲ್ಪ ಕೆಳಗಿಳಿಸಿದಳು.

"ಹಾಗಾದರೆ ಈಗ ಹೇಳಿ ಅಂಕಲ್. ಯಾರು ದೊಡ್ಡವರು?"

"ನಂಗೊತ್ತಿಲ್ಲಮ್ಮ. ಒಬ್ಬಳಿಗೆ ಕ್ಯಾಡಿ ಇದ್ದ. ಇನ್ನೊಬ್ರಿಗೆ ಬ್ಯಾಗ್ ಹೊರೋನು ಮಾತ್ರ ಇದ್ದ. ಅದೆಂಗೆ ತೂಗ್ತೀಯಾ? ತೂಗೋಕೆ ಇದ್ದ ತಕ್ಕಡೀನ ನಾನೇ ಆಳು ಮಾಡ್ದೆ."

ಮೊದಲ ವಿಡಿಯೋವನ್ನು ಸಾವಿರಾರು ಜನ ನೋಡಿದ್ದರು. ಎರಡನೆಯದು ಉದ್ದವಾಯಿತೆಂದು ಹೆಚ್ಚಿನವರು ನಡುವೆಯೇ ಬಿಟ್ಟರು. ಸಮಿತಿಯವರಲ್ಲಿ ಒಬ್ಬಿಬ್ಬರು ಪೂರ್ತಿ ನೋಡಿ ಛೆ ಎಂದರು. ಆದರೆ ಕಪ್ಪಿನ ಮೇಲೆ ಸುಕೃತಿಯ ಹೆಸರು ಕೆತ್ತಿಸಿಯಾಗಿತ್ತು. ಸುಕೃತಿ ಸಿಂಗಪುರದಿಂದ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದಳು. ಕಪ್ಪಿಗೆ ಇಬ್ಬರ ಹೆಸರೂ ಇಡಿ ಎಂದು ಸಮಿತಿಗೆ ಪತ್ರ ಬರೆದಳು. ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂತಂತೆ.

ಸಮಾರಂಭಕ್ಕೆ ಸೀತಾರನ್ನೂ ಕರೆದಿದ್ದರು. ಅವರು ಬರಲಿಲ್ಲ. ಹೂಗುಚ್ಛವೊಂದನ್ನು ಸುಕೃತಿಯ ಹೆಸರಿಗೆ ಕಳಿಸಿದ್ದರು. ಅಮರಪ್ಪನಿಗೆ ಶಾಲು ಹೊದಿಸುವುದಿತ್ತು. ಹೆಸರು ಕೂಗಿದಾಗ ಅವನು ಅಲ್ಲಿರಲಿಲ್ಲ. ಬೆಳಗ್ಗೆಯೇ ಮಹದೇವಪುರಕ್ಕೆ ಹೊರಟುಹೋಗಿದ್ದ. ಗೇಟಿನವನು ಫೋನ್ ಮಾಡಿ ಕೇಳಿ, ಅಮ್ಮ ಮಲಗಿದ್ದಾರಂತೆ, ಇನ್ನೊಂದಿನ ಬರಬೇಕಂತೆ ಎಂದ. ಅಮರಪ್ಪ ಎದುರಿನ ಬಸ್ ಸ್ಟಾಪಿನಲ್ಲಿ ಒಂದು ಗಂಟೆ ಕೂತಿದ್ದು ಊರಿಗೆ ವಾಪಸಾದ. ಆಮೇಲೆ ಎರಡು ಸಲ ಹೋದ. ಎರಡು ಸಲವೂ ಅದೇ ಉತ್ತರ ಬಂತು. ಪಿಳ್ಳಮ್ಮ ಈಗ ಎಲ್ಲಿಗೆ ಹೋಗುತ್ತೀಯ ಎಂದು ಕೇಳುವುದಿಲ್ಲ. ಅವನು ಹೊರಟ ದಿನ ಬಸ್ಸಿಗೆ ಹೊತ್ತಾಗದ ಹಾಗೆ ಬೇಗ ಮುದ್ದೆ ತೊಳಸಿ ಇಡುತ್ತಾಳೆ.